ಚಂದ್ರ ಕಾಣುವ ತನಕ

ಯುಗಾದಿ ಹತ್ತಿರ ಬಂತೆಂದರೆ ಓಣಿಯವರಿಗೆಲ್ಲ ಹೊಸ ಸೀರೆಯ ಚಿಂತೆ, ಲಿಂಗಕ್ಕನಿಗೆ ಹೊಸ ರೂಢಿಯ ಚಿಂತೆ. ವರ್ಷಕ್ಕೊಂದು ಒಳ್ಳೆಯ ರೂಢಿ ಹಿಡಿಯಬೇಕು, ಅದನ್ನು ಹಬ್ಬದ ದಿನವೇ ಶುರು ಮಾಡಬೇಕು, ಮುಂದಿನ ಯುಗಾದಿಯವರೆಗೆ ಬಿಡಬಾರದು ಎಂಬುದು ಅವಳ ಹಟ. ಯುಗಾದಿ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಉಳಿದವರು ಹೇಳಿ ಮರೆಯುತ್ತಿದ್ದರು. ಲಿಂಗಕ್ಕ ನಂಬಿ ನಡೆದಳು. ನಂಬಿದ್ದಕ್ಕೆ ಅವಳಿಗೇನು ಸಿಕ್ಕಿತು ಎಂದು ಬರೆಯಲಿಕ್ಕೇ ನಾನು ಕೂತಿರುವುದು.

ಲಿಂಗಕ್ಕ ನನ್ನ ತಾಯಿಯ ತಾಯಿ. ಸಾಕಿದವಳು ಅವಳೇ ಆದ್ದರಿಂದ ನಾನು ಅವ್ವ ಎಂದೇ ಕರೆಯುತ್ತಿದ್ದೆ. ಇಲ್ಲಿ ಓದುವವರಿಗೆ ಗೊಂದಲವಾಗಬಾರದೆಂದು ಹೆಸರು ಹಿಡಿದು ಬರೆಯುತ್ತಿದ್ದೇನೆ, ಅಷ್ಟೇ. ಆದವಾನಿಯ ಕೋಟೆ ಗುಡ್ಡದ ಬುಡದಲ್ಲಿದ್ದ ಓಣಿಯ ಕಡೇ ಮನೆ ನಮ್ಮದು. ಮಣ್ಣಿನ ಮಾಳಿಗೆ, ಮುಂದೊಂದು ಕಟ್ಟೆ. ಹತ್ತಿಯ ಕಾಲದಲ್ಲಿ ಲಿಂಗಕ್ಕ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ, ಅಂದರೆ ಜಿನ್ನಿಗೆ, ಕೂಲಿಗೆ ಹೋಗುತ್ತಿದ್ದಳು. ಗಾಡಿಯಿಂದ ಸುರಿದ ಹತ್ತಿಯ ರಾಶಿಯ ಮುಂದೆ ಕೂತು ಒಣ ಎಲೆ, ಹುಳುಕು ಕಾಯಿ, ಕಲೆ ಬಿದ್ದ ಹತ್ತಿಯನ್ನು ಆರಿಸಿ ಎಸೆಯುವುದು ಅವಳ ಕೆಲಸ. ಮನೆಯಲ್ಲಿಯೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಮಾತಾಡುತ್ತಲೇ ಎದುರಿನವರ ಸೆರಗಿನ ಮೇಲಿನ ಎಳೆಯನ್ನೋ ಕಸವನ್ನೋ ತೆಗೆದುಬಿಡುತ್ತಿದ್ದಳು.

ಸಾಧ್ವಿ ಎಂದು ಬರೆದರೆ ಓಣಿಯವರು ಹೊಟ್ಟೆ ಹಿಡಿದು ನಗುತ್ತಾರೆ. ಅವಳ ಬಾಯಿ ಬೊಂಬಾಯಿ. ಆದರೆ ತನ್ನ ಬಾಯಿಗೆ ತಾನೇ ಮದ್ದು ಹುಡುಕುತ್ತಿದ್ದಳು. ಒಂದು ವರ್ಷದ ರೂಢಿ, ಸಿಟ್ಟು ಬಂದರೆ ಒರಳಿನ ಮುಂದೆ ಕೂತು ಖಾರ ಕುಟ್ಟುವುದು. ಆ ವರ್ಷ ನಮ್ಮ ಮನೆಯ ಖಾರದ ಪುಡಿಯನ್ನು ಅರ್ಧ ಓಣಿ ತಿಂದಿತು ಎಂದು ಪಕ್ಕದ ಮನೆಯ ಬಸವಕ್ಕ ಹೇಳುತ್ತಿದ್ದಳು. ಇನ್ನೊಂದು ವರ್ಷದ್ದು, ಹಬ್ಬ ಬಂದಾಗಲೆಲ್ಲ ತನ್ನ ಎಣ್ಣೆನೀರಿಗೆ ಮೊದಲು, ತಲೆಗೆ ಎಣ್ಣೆ ಹಚ್ಚಲು ಯಾರೂ ಇಲ್ಲದ ಮುದುಕಿಯೊಬ್ಬಳಿಗೆ ಹಚ್ಚುವುದು. ಬೇರೆಯವರ ತಲೆ ಉಜ್ಜಿದರೆ ತನ್ನ ತಲೆನೋವು ಇಳಿಯುತ್ತದೆಂದು ಅವಳು ಕಂಡುಕೊಂಡದ್ದು ಹಾಗೆ. ಜಿನ್ನಿನ ಗುಮಾಸ್ತ ಶ್ರೀರಾಮುಲು ಹಬ್ಬದ ಮಾರನೆಯ ದಿನ ಹೊಸ ರೂಢಿ ಯಾವುದೆಂದು ತೆಲುಗು ಬೆರೆಸಿ ಕೇಳಿಯೇ ಕೇಳುತ್ತಿದ್ದ: "ಏಮಿ ಲಿಂಗಕ್ಕಾ, ಈ ವರ್ಷದ್ದು ಕೊತ್ತದು ಏನೈತಿ?" ಅವಳು ಹೇಳುತ್ತಿದ್ದಳು, ಆತ ನಗುತ್ತಿದ್ದ, ಆಮೇಲೆ ಮನೆಗೆ ಹೋಗಿ ತಾನೂ ಹಾಗೇ ಮಾಡುತ್ತಿದ್ದನಂತೆ.

ಎಲ್ಲಕ್ಕಿಂತ ದೊಡ್ಡ ರೂಢಿ ಹುಟ್ಟಿದ್ದು ದುಃಖದಿಂದ. ಅವಳ ಗಂಡ ಜಂಬಪ್ಪ ಅದೇ ಜಿನ್ನಿನಲ್ಲಿ ಹಮಾಲಿ. ಒಂದು ಯುಗಾದಿಯ ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಯಿತು. ಯಾವುದಕ್ಕೆಂದು ಅವಳಿಗೂ ನೆನಪಿರಲಿಲ್ಲ. ಅವಳು ಉಣ್ಣದೆ ಗೋಡೆಗೆ ಮುಖ ಮಾಡಿ ಅತ್ತಳು. ಆ ಮಳೆಗಾಲಕ್ಕೆ ಕಾಲರಾ ಬಂತು, ಜಂಬಪ್ಪ ಹೋದ. ಹಬ್ಬದ ದಿನ ಅತ್ತಿದ್ದಕ್ಕೇ ವರ್ಷವೆಲ್ಲ ಅಳುವ ಹಾಗಾಯಿತು ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಯಾರು ಹೇಳಿದರೂ ಅದು ಏಳಲಿಲ್ಲ. ಮುಂದಿನ ಯುಗಾದಿಗೆ ಅವಳು ಹೊಸ ರೂಢಿ ತಂದಳು: ಬೇವು ಕುಡಿದಲ್ಲಿಂದ ಚಂದ್ರನನ್ನು ನೋಡುವ ತನಕ ಕೆಟ್ಟ ಸುದ್ದಿ ಯಾರೂ ಬಾಯಿ ಬಿಟ್ಟು ಹೇಳಬಾರದು, ಅಳಬಾರದು, ಬೈಯಬಾರದು. ಏನಿದ್ದರೂ ಚಂದ್ರನಿಗೆ ಕೈಮುಗಿದು, ಹಿರಿಯರ ಕಾಲಿಗೆ ಬಿದ್ದ ಮೇಲೆ.

ನಮ್ಮ ಕಡೆ ಬೇವೆಂದರೆ ಕುಡಿಯುವಂಥದ್ದು. ಬೇವಿನ ಹೂ, ಬೆಲ್ಲ, ಹುಣಸೆ, ಹುರಿಗಡಲೆಯ ಪುಟಾಣಿ ಹಿಟ್ಟು ಕಲಸಿದ ನೀರು. ಲಿಂಗಕ್ಕ ಅದನ್ನು ದೊಡ್ಡ ಗಡಿಗೆಯಲ್ಲಿ ಮಾಡಿ ಮನೆ ಮನೆಗೆ ಹಂಚುತ್ತ ಈ ರೂಢಿಯನ್ನೂ ಹಂಚಿದಳು. ಮೊದಲು ನಕ್ಕರು. ಬರಬರುತ್ತ ಆ ಒಂದು ದಿನ ಓಣಿಯಲ್ಲಿ ಸೊಸೆಯಂದಿರು ಬೈಗುಳವಿಲ್ಲದೆ ಉಣ್ಣುತ್ತಾರೆ, ಕುಡುಕರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ಗೊತ್ತಾದಾಗ ಎಲ್ಲರೂ ಹಿಡಿದರು. ಮಕ್ಕಳಿಗೂ ಅದೇ ಪಾಠ. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಲಿಂಗಕ್ಕನ ಒಬ್ಬಳೇ ಮಗಳು ಹುಲುಗಮ್ಮ. ಒಂದು ಯುಗಾದಿ ದಿನ ಕುದಿಯುವ ಬೇಳೆ ಕಾಲ ಮೇಲೆ ಚೆಲ್ಲಿಕೊಂಡು, ಸಂಜೆ ಚಂದ್ರ ಕಾಣುವವರೆಗೆ ಯಾರಿಗೂ ಹೇಳದೆ, ಸುಟ್ಟದ್ದು ಕಾಣದ ಹಾಗೆ ಸೀರೆ ಇಳಿಬಿಟ್ಟುಕೊಂಡು ಓಡಾಡಿದ್ದಳಂತೆ. ಲಿಂಗಕ್ಕ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು. ಆ ಹೆಮ್ಮೆಯನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹುಲುಗಮ್ಮ ನನ್ನ ಹೆತ್ತ ತಾಯಿ. ಆಸ್ಪರಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಸಂಬಂಧ ಹುಡುಕಿದವನು ಬಸವಕ್ಕನ ತಮ್ಮ ಪಕೀರಪ್ಪ. ಆ ಹಳ್ಳಿಯಲ್ಲೇ ಕುರಿ ಕಾಯುತ್ತಿದ್ದವನು. ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಲಿಂಗಕ್ಕನನ್ನು ಅಕ್ಕ ಎನ್ನುತ್ತಿದ್ದ, ಹುಲುಗಮ್ಮ ಅವನನ್ನು ಮಾವ ಎನ್ನುತ್ತಿದ್ದಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಿ ಕೂಸು ಉಳಿದಿರಲಿಲ್ಲ. ಹಾಗಾಗಿ ಎರಡನೆಯದಕ್ಕೆ ಅತ್ತೆಮನೆಯವರು ಕಳಿಸಲಿಲ್ಲ. ಬಹುಧಾನ್ಯ ಸಂವತ್ಸರದ ಯುಗಾದಿಗೆ ವಾರವಿರುವಾಗ ನಾನು ಹುಟ್ಟಿದೆ. ಸುದ್ದಿ ಬಂತು, ಲಿಂಗಕ್ಕ ಓಣಿಗೆಲ್ಲ ಸಕ್ಕರೆ ಹಂಚಿದಳು. ಹಬ್ಬ ಮುಗಿಸಿಕೊಂಡು ಮಗಳ ಬಾಣಂತನಕ್ಕೆ ಹೋಗುವವಳಿದ್ದಳು. ಬಾಣಂತಿಗೆ ಕೊಡುವ ಅಂಟಿನುಂಡೆ ಕಟ್ಟಿ ಡಬ್ಬಿಯಲ್ಲಿ ಇಟ್ಟಾಗಿತ್ತು.

ಹಬ್ಬದ ಬೆಳಿಗ್ಗೆ ಪಕೀರಪ್ಪ ಆಸ್ಪರಿಯಿಂದ ರೈಲಿಗೆ ಬಂದ. ಲಿಂಗಕ್ಕ ಗಡಿಗೆ ಹಿಡಿದು ಬಸವಕ್ಕನ ಮನೆಗೆ ಹೋದಾಗ ಅವನು ಕಂಬಳಿ ಹೆಗಲ ಮೇಲೇ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಯಾವಾಗ ಬಂದ್ಯೋ ಪಕೀರಪ್ಪ? ನಮ್ ಹುಲುಗಿ ಹೆಂಗದಾಳ?"

"ಚೊಲೋ ಅದಾಳಕ್ಕ."

"ಕೂಸು?"

"ಕೂಸು ಗುಂಡಗ ಐತಿ. ಮೂಗು ನಿನ್ನಂಗ. ಮಂದಿ ನೋಡಿ ನಗ್ತಾರ."

"ನಗ್ಲಿ ಬಿಡು. ಹಬ್ಬದ ದಿನ ಕುರಿ ಬಿಟ್ಟು ಬಂದೀಯಲ್ಲ, ಏನು ವಿಶೇಷ?"

"ಅಕ್ಕನ ಮನ್ಯಾಗ ಹಬ್ಬ ಮಾಡಿ ಭಾಳ ವರ್ಷ ಆಗಿತ್ತು. ಅದಕ್ಕ ಬಂದೆ."

ಅವಳು ಅವನ ಬಟ್ಟಲಿಗೆ ಬೇವು ಸುರಿದಳು. ಅವನು ಗಟಗಟ ಕುಡಿದ. ಮಧ್ಯಾಹ್ನ ಹೋಳಿಗೆ ಬಡಿಸಿದರೆ ಮಾತ್ರ ತುಂಡು ಮುರಿದು ಹಾಗೇ ಬಿಟ್ಟ. ಬಸವಕ್ಕ ಅದನ್ನು ನೋಡಿದಳು, ಆದರೆ ಕೇಳಲಿಲ್ಲ. ಕೇಳಿದರೆ ಕೆಟ್ಟದ್ದೇನಾದರೂ ಬಾಯಿಂದ ಬಂದೀತೆಂದು ಅವಳಿಗೂ ಭಯ.

ಸಂಜೆ ಎಲ್ಲರೂ ಮಾಳಿಗೆ ಹತ್ತಿ ಪಡುವಣಕ್ಕೆ ನೋಡಿದರು. ಚಂದ್ರ ಕಾಣಲಿಲ್ಲ. ಪಾಡ್ಯದ ಚಂದ್ರ ಕಾಣುವುದೇ ಅಪರೂಪ. ಕಾಣದಿದ್ದರೆ ರೂಢಿ ಮಾರನೆಯ ಸಂಜೆಯವರೆಗೆ ನಡೆಯುತ್ತಿತ್ತು. ಹಬ್ಬ ಒಂದು ದಿನ ಉದ್ದವಾಯಿತೆಂದು ಓಣಿಯ ಸೊಸೆಯಂದಿರಿಗೆ ಖುಷಿ. ಪಕೀರಪ್ಪ ಮರುದಿನ ಬೆಳಿಗ್ಗೆಯಿಂದ ಲಿಂಗಕ್ಕನ ಮನೆಯ ಮುಂದೆ ಸುಮ್ಮನೆ ಅಡ್ಡಾಡುತ್ತಿದ್ದ. ಕೇಳಿದರೆ ಬಿಸಿಲು ಕಾಯುತ್ತಿದ್ದೇನೆ ಎಂದ. ಆದವಾನಿಯ ಚೈತ್ರದ ಬಿಸಿಲನ್ನು ಕಾಯುವವರು ಯಾರೂ ಇಲ್ಲ.

ಮರುದಿನ ಸಂಜೆ ಗೆರೆಯಂಥ ಚಂದ್ರ ಕಂಡ. ಎಲ್ಲರೂ ಕೈಮುಗಿದು ಕೆಳಗಿಳಿದರು. ಕಿರಿಯರು ಸಾಲಾಗಿ ಬಂದು ಲಿಂಗಕ್ಕನ ಕಾಲಿಗೆ ಬಿದ್ದರು. ಪಕೀರಪ್ಪನೂ ಬಿದ್ದ, ಆದರೆ ಏಳಲಿಲ್ಲ.

"ಅಕ್ಕ, ಗಾಡಿ ಕಟ್ಟಸು. ಹುಲುಗಿಗೆ ಜ್ವರ ಐತಿ. ನಿನ್ನ ಕರ್ಕೊಂಬಾ ಅಂದಾರ."

"ಯಾವಾಗಿಂದ?"

"ಅಮಾಸಿ ದಿನದಿಂದ."

"ಅಮಾಸಿಯಿಂದ." ಲಿಂಗಕ್ಕ ಅದನ್ನು ಮತ್ತೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. "ನಿನ್ನಿ ಮುಂಜಾನಿ ಬಂದಾಂವ ಈಗ ಹೇಳ್ತಿಯೇನೋ?"

"ಚಂದ್ರನ್ನ ನೋಡೋ ತನಕ ಹೇಳಬಾರ್ದಲ್ಲಕ್ಕ," ಎಂದ ಪಕೀರಪ್ಪ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಲಿಂಗಕ್ಕನೇ ಕಲಿಸಿದ್ದು.

ಹಿಂದಿನ ದಿನವೇ ಹೇಳಿದ್ದರೆ ರೈಲಿನಲ್ಲಿ ಒಂದು ತಾಸಿನ ದಾರಿ. ಆ ಸಂಜೆ ಆ ಕಡೆಗೆ ರೈಲಿರಲಿಲ್ಲ. ಜೋಡೆತ್ತಿನ ಗಾಡಿಯಲ್ಲಿ ಹೋಗಿ ಮುಟ್ಟುವಾಗ ಬೆಳಕು ಹರಿದಿತ್ತು. ಮಗಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು. ಬಾಣಂತಿ ಸನ್ನಿ. ಜೀವ ಹೋದದ್ದು ಹಿಂದಿನ ಸಂಜೆ, ಇಲ್ಲಿ ಇವರು ಚಂದ್ರನಿಗೆ ಕೈಮುಗಿಯುವ ಹೊತ್ತಿಗೆ. ಎಚ್ಚರವಿರುವವರೆಗೂ ಅವ್ವ ಬಂದಳೇ ಅವ್ವ ಬಂದಳೇ ಎಂದು ಬಾಗಿಲು ನೋಡುತ್ತಿದ್ದಳೆಂದು ಅತ್ತೆ ಹೇಳಿದಳು. ಲಿಂಗಕ್ಕ ಹೋಗಿದ್ದರೂ ಅವಳು ಉಳಿಯುತ್ತಿರಲಿಲ್ಲವೇನೋ. ಆ ಕಾಲದಲ್ಲಿ ಸನ್ನಿ ಹಿಡಿದ ಬಾಣಂತಿಯರು ಉಳಿದದ್ದು ಕಡಿಮೆ. ಆದರೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಹೋಗುತ್ತಿದ್ದಳು. ಲಿಂಗಕ್ಕ ಕಳೆದುಕೊಂಡದ್ದು ಅದನ್ನು, ಮತ್ತು ಅದು ಯಾವ ದೇವರು ಕೊಟ್ಟರೂ ತಿರುಗಿ ಬರುವಂಥದ್ದಲ್ಲ.

ಅಂಟಿನುಂಡೆಯ ಡಬ್ಬಿಯನ್ನು ಅಲ್ಲೇ ಬಿಟ್ಟು, ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಊರಿಗೆ ಬಂದಳು. ಬಂದವಳು ಒಂದೇ ಮಾತು ಹಿಡಿದಳು: ನನ್ನ ಮಗಳನ್ನು ಕೊಂದವನು ಪಕೀರಪ್ಪ. ಕಟ್ಟೆಯ ಮೇಲೆ ಹೇಳಿದಳು, ಜಿನ್ನಿನಲ್ಲಿ ಹೇಳಿದಳು, ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಅವನು ಒಂದಕ್ಕೂ ಎದುರಾಡಲಿಲ್ಲ. ಕುರಿಗಳನ್ನು ಮಾರಿ ಆದವಾನಿಗೆ ಬಂದು ಬಸವಕ್ಕನ ಮನೆಯಲ್ಲಿ ಉಳಿದ, ಜಿನ್ನಿನಲ್ಲಿ ಹಮಾಲಿಗೆ ಸೇರಿದ. ಬರುವಾಗ ಹಾಲು ಕರೆಯುವ ಒಂದು ಆಡನ್ನು ಮಾತ್ರ ಹೊಡೆದುಕೊಂಡು ಬಂದಿದ್ದ. ದಿನಾ ಬೆಳಿಗ್ಗೆ ಬಸವಕ್ಕ ಅದರ ಹಾಲನ್ನು ನಮ್ಮ ಮನೆಗೆ ತರುತ್ತಿದ್ದಳು. ಆಡು ಯಾರದೆಂದು ಲಿಂಗಕ್ಕನಿಗೆ ಗೊತ್ತಿತ್ತು. ಹಾಲನ್ನು ತೆಗೆದುಕೊಂಡಳು, ಬೈಗುಳವನ್ನು ಬಿಡಲಿಲ್ಲ. ಎದುರಿಗೆ ಅವನು ಬಂದರೆ ಮುಖ ತಿರುಗಿಸುತ್ತಿದ್ದಳು, ಅವನೇ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ.

ಮುಂದಿನ ಯುಗಾದಿಗೆ ಅವಳು ಗಡಿಗೆ ಇಳಿಸಲಿಲ್ಲ. ಓಣಿಯ ಹೆಂಗಸರೇ ಬೇವು ತಂದರು. ಒಬ್ಬರ ಹಿಂದೆ ಒಬ್ಬರು ಬಂದರು, ನಗುಮುಖ ಮಾಡಿಕೊಂಡು ಕೂತರು, ಬಿಸಿಲಿನ ಮಾತು, ಹತ್ತಿಯ ಮಾತು, ನನ್ನ ಹಲ್ಲಿನ ಮಾತು ಆಡಿದರು. ಒಬ್ಬರೂ ಹುಲುಗಮ್ಮನ ಹೆಸರೆತ್ತಲಿಲ್ಲ. ಅದು ಕೆಟ್ಟ ಸುದ್ದಿಯಲ್ಲವೇ, ಹಬ್ಬದ ದಿನ ಹೇಗೆ ಎತ್ತುತ್ತಾರೆ? ಲಿಂಗಕ್ಕ ಕೂತು ಕೂತು ನೋಡಿದಳು. ಕಡೆಗೆ ಬಸವಕ್ಕನ ಕೈ ಹಿಡಿದುಕೊಂಡಳು.

"ಆಕಿ ಹೆಸ್ರು ಯಾರಾರ ಹೇಳ್ರಿ," ಎಂದಳು. "ಇಡೀ ದಿನ ಯಾರೂ ಆಕಿ ಹೆಸ್ರು ಹೇಳವಲ್ರಿ. ನಾ ಏನ್ ರೂಢಿ ಮಾಡಿ ಇಟ್ಟೀನ್ರಿ ಇದು?"

ಬಸವಕ್ಕ ಹೇಳಿದಳು. ಹುಲುಗಿ ಸಣ್ಣವಳಿದ್ದಾಗ ತಮ್ಮ ಮನೆಯ ಹಿಟ್ಟಿನ ಗಡಿಗೆಯೊಳಗೆ ಕೂತು ಅಡಗಿಕೊಂಡದ್ದನ್ನು ಹೇಳಿದಳು. ಎಲ್ಲರೂ ಒಂದೊಂದು ಹೇಳಿದರು. ಕೇಳಿದ ಮೇಲೆ ಎದೆ ಸ್ವಲ್ಪ ಹಗುರವಾಯಿತೆಂದು, ಹೊಟ್ಟೆಗೆ ಅನ್ನ ಇಳಿಯಿತೆಂದು ಲಿಂಗಕ್ಕ ಆಮೇಲೆ ಹೇಳುತ್ತಿದ್ದಳು. ಅಷ್ಟಾದರೂ ಕಣ್ಣೀರು ಮಾತ್ರ ಬರಲಿಲ್ಲ. ಯುಗಾದಿ ದಿನ ಅಳುವುದನ್ನು ಅವಳ ಕಣ್ಣು ಮರೆತಿತ್ತು.

ಅದರ ಮುಂದಿನ ವರ್ಷದಿಂದ ಶುರುವಾದದ್ದು ಅವಳ ಕಡೆಯ ರೂಢಿ. ಹಬ್ಬದ ಬೆಳಿಗ್ಗೆ ಬೇವು ಸುರಿಯುವ ಮುಂಚೆ ಪ್ರತಿ ಬಾಗಿಲಲ್ಲಿ ನಿಂತು ಕೇಳುವುದು: ಏನಾರ ಕೆಟ್ಟ ಸುದ್ದಿ ಐತೇನು? ಆ ವರ್ಷ ಸಾವಾದ ಮನೆಗೆ ಮೊದಲು ಹೋಗಬೇಕು, ಉಳಿದ ಮನೆಗಳಿಗೆ ಆಮೇಲೆ. ಕೇಳಿದ ಮೇಲೇ ಬೇವು. ಒಳ್ಳೆ ಅಪಶಕುನದ ಹೆಂಗಸು ಎಂದು ಕೆಲವರು ಬಾಗಿಲು ಹಾಕಿಕೊಂಡರು. "ಹತ್ಯಾಗ ಕಸ ಇದ್ರ ಮೊದ್ಲು ತಗೀಬೇಕ್ರಿ. ಒಳಗ ಮುಚ್ಚಿ ಒತ್ತಿದ್ರ ಇಡೀ ಹತ್ತಿ ಮೂಟಿ ಕೆಡ್ತೈತಿ," ಎಂದು ಅವಳು ಮುಚ್ಚಿದ ಬಾಗಿಲಿಗೇ ಹೇಳಿ ಮುಂದೆ ಹೋಗುತ್ತಿದ್ದಳು. ಬಾಗಿಲುಗಳು ಒಂದೊಂದಾಗಿ ತೆರೆದವು. ಒಬ್ಬಾಕೆ ತನಗೆ ಸಂಜೆಯಾದರೆ ಕಣ್ಣು ಕಾಣುವುದಿಲ್ಲವೆಂದು ಅವತ್ತೇ ಮೊದಲ ಸಲ ಬಾಯಿಬಿಟ್ಟಳು. ಯುದ್ಧದ ಕಾಲದಲ್ಲಿ ಶ್ರೀರಾಮುಲು ತಾನಾಗಿಯೇ ನಮ್ಮ ಮನೆಗೆ ಬಂದು, ಬರ್ಮಾಕ್ಕೆ ಹೋದ ತಮ್ಮ ಬದುಕಿದ್ದಾನೋ ಇಲ್ಲವೋ ತಿಳಿಯದೆಂದು ಹೇಳಿ, ಬೇವು ಕುಡಿದು ಹೋದ. ನಗಲಿಲ್ಲ.

ಒಂದು ಬಾಗಿಲಲ್ಲಿ ಮಾತ್ರ ಅವಳು ನಿಲ್ಲುತ್ತಿರಲಿಲ್ಲ. ಬಸವಕ್ಕನೇ ಹೊರಗೆ ಬಂದು ಬೇವು ಇಸಿದುಕೊಳ್ಳಬೇಕಿತ್ತು. ಒಳಗೆ ಪಕೀರಪ್ಪ ಇರುತ್ತಿದ್ದನಲ್ಲ.

ನನಗೆ ಏಳು ತುಂಬಿದ ವರ್ಷ ಮಾಘದಲ್ಲಿ ಬಸವಕ್ಕ ತೀರಿಕೊಂಡಳು. ಪಾರ್ಥಿವ ಸಂವತ್ಸರದ ಯುಗಾದಿ ಬಂತು. ಸಾವಾದ ಮನೆಗೆ ಮೊದಲು ಹೋಗಬೇಕೆಂಬುದು ಅವಳೇ ಮಾಡಿದ ಕಟ್ಟು, ಮುರಿಯುವ ಹಾಗಿಲ್ಲ. ಲಿಂಗಕ್ಕ ಬಹಳ ಹೊತ್ತು ಗಡಿಗೆಯ ಮುಂದೆ ಕೂತಿದ್ದಳು. ಆಮೇಲೆ ಎದ್ದು ನನ್ನನ್ನು ಕರೆದುಕೊಂಡು ಹೋಗಿ ಆ ಬಾಗಿಲಲ್ಲಿ ನಿಂತಳು. ಪಕೀರಪ್ಪ ತಾತ ಒಲೆ ಹೊತ್ತಿಸದೆ ಗೋಡೆಗೆ ಒರಗಿ ಕೂತಿದ್ದ.

"ಏನಾರ ಕೆಟ್ಟ ಸುದ್ದಿ ಐತೇನು?" ಎಂದಳು, ಅವನನ್ನು ನೋಡದೆ.

"ಬಸವಕ್ಕ ಹೋದ್ಲು. ಅದು ನಿನಗ ಗೊತ್ತೈತಿ."

"ಮತ್ತೇನಾರ?"

ಅವನು ನನ್ನನ್ನು ನೋಡಿದ. "ಐತಕ್ಕ. ಹಳೇದು. ಈ ಕೂಸಿನ ಮುಂದ ಬ್ಯಾಡ."

"ಆಕಿ ಅವ್ವನ ಸುದ್ದಿ ಹೌದಲ್ಲೋ? ಆಕಿ ಮುಂದ ಹೇಳು."

"ಅವತ್ತು ಮುಂಜಾನಿ ನಾ ಊರಿಂದ ಹೊಂಡೋ ಮುಂದ ಹುಲುಗಿ ನನ್ನ ಒಳಗ ಕರದ್ಲು," ಎಂದು ಅವನು ನೆಲ ನೋಡುತ್ತ ಹೇಳಿದ. "ಮೈ ಸುಡ್ತಿತ್ತು. ಮಾತು ಮಾತ್ರ ಸರಿ ಇತ್ತು. 'ಮಾವ, ಅವ್ವಗ ಇವತ್ತ ಹೇಳಬ್ಯಾಡ. ಹಬ್ಬದ ದಿನ ಅತ್ರ ವರ್ಷೆಲ್ಲ ಅಳ್ತಾಳ. ಚಂದ್ರನ್ನ ನೋಡಿದ ಮ್ಯಾಲ ಹೇಳು, ಅಷ್ಟೊತ್ತಿಗೆ ನನಗೂ ಕಡಿಮಿ ಆಗಿರ್ತೈತಿ' ಅಂದ್ಲು. ಈ ಕೂಸಿನ ತಲಿ ಮ್ಯಾಲ ಕೈ ಇಡಿಸಿ ಆಣಿ ಮಾಡಿಸ್ಕೊಂಡ್ಲು. ಅವತ್ತು ಚಂದ್ರ ಕಾಣ್ಲಿಲ್ಲಕ್ಕ. ನಾ ಏನ್ ಮಾಡ್ಲಿ?"

ಲಿಂಗಕ್ಕ ಹೊಸ್ತಿಲ ಮೇಲೆ ಕೂತಳು. ಗಡಿಗೆಯನ್ನು ನಾನು ಹಿಡಿದುಕೊಂಡೆ.

"ಇಷ್ಟು ವರ್ಷ ನಿನ್ನ ಕೊಲೆಗಾರ ಅಂದೆ," ಎಂದಳು. "ಒಂದಿನಾರ ಯಾಕ ಹೇಳ್ಲಿಲ್ಲೋ?"

"ಹೇಳಿದ್ರ ಯಾರನ್ನ ಬೈತಿದ್ದಿ ಅಕ್ಕ? ನಿನ್ನ ನೀನ ಬೈಕೊಂತ ಮೂಲಿ ಹಿಡೀತಿದ್ದಿ. ಈ ಕೂಸಿಗೆ ಹಾಲು ಕುಡಸಾಕ ಯಾರರ ಬೇಕಿತ್ತಲ್ಲ."

ಆಗ ಲಿಂಗಕ್ಕ ಅತ್ತಳು. ಅಷ್ಟು ಗಟ್ಟಿಯಾದ ಅಳುವನ್ನು ನಾನು ಅದುವರೆಗೆ ಕೇಳಿರಲಿಲ್ಲ, ಹೆದರಿಬಿಟ್ಟೆ. ನನ್ನ ಹೆತ್ತವ್ವ, ಹೆಸರಷ್ಟೇ ಗೊತ್ತಿದ್ದ ಅವ್ವ, ನನ್ನ ತಲೆಯ ಮೇಲೆ ಆಣೆ ಹಾಕಿಸಿದ್ದಳೆಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಓಣಿಯವರು ಹೊರಗೆ ಬಂದು ನಿಂತರು. ಹಬ್ಬದ ಬೆಳಿಗ್ಗೆ ಅಳಬೇಡ ಎಂದು ಒಬ್ಬರೂ ಹೇಳಲಿಲ್ಲ. ಅತ್ತು ಮುಗಿಸಿದ ಮೇಲೆ ಅವಳು ನನ್ನ ಕೈಯಿಂದ ಗಡಿಗೆ ತೆಗೆದುಕೊಂಡು ಪಕೀರಪ್ಪನ ಬಟ್ಟಲಿಗೆ ಬೇವು ಸುರಿದಳು.

ಆ ಸಲ ಪಾಡ್ಯದ ಸಂಜೆಗೇ ಚಂದ್ರ ಕಂಡ. ಮಾಳಿಗೆ ಇಳಿದು ಬಂದು ಅವಳು ನನಗೆ, "ತಾತನ ಕಾಲಿಗೆ ಬೀಳು," ಎಂದಳು. ನಾನು ಬಿದ್ದೆ. ಎದ್ದು ನೋಡಿದರೆ ಅವಳೂ ಬಗ್ಗುತ್ತಿದ್ದಳು. ಪಕೀರಪ್ಪ ಗಾಬರಿಯಾಗಿ ಹಿಂದೆ ಸರಿದ.

"ಬ್ಯಾಡಕ್ಕ, ನೀ ದೊಡ್ಡಾಕಿ."

"ನಂದಲ್ಲೋ ಇದು. ಹುಲುಗಿ ಇದ್ದಿದ್ರ ಬೀಳ್ತಿದ್ಲು. ಆಕಿ ಬದ್ಲು ಬೀಳಾಕತ್ತೀನಿ, ಸುಮ್ನ ನಿಂದ್ರು."

ಯುಗಾದಿ ದಿನ ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎಂಬ ಮಾತು ಆ ಒಂದು ವರ್ಷವಂತೂ ಸುಳ್ಳಾಗಲಿಲ್ಲ. ಜಿನ್ನಿನಿಂದ ಬಂದು ಕೈಕಾಲು ತೊಳೆದ ಮೇಲೆ ಲಿಂಗಕ್ಕ ದಿನಾ ಪಕೀರಪ್ಪನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮಗಳ ಹೆಸರು ಹಿಡಿದು ಅಳುತ್ತಿದ್ದಳು. ಅವನು ಪಕ್ಕದಲ್ಲಿ ಕೂತು, ಆ ಹಳ್ಳಿಯಲ್ಲಿ ಹುಲುಗಿ ಹೇಗೆ ನಡೆಯುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು ಎಂದು ಹೇಳುತ್ತಿದ್ದ. ನನ್ನ ತಾಯಿಯ ವಿಷಯ ನನಗೆ ಗೊತ್ತಿರುವುದೆಲ್ಲ ಆ ಕಟ್ಟೆಯ ಮೇಲೆ ಕೇಳಿದ್ದು.